ಹ್ಯಾಂಗ್ ಆದರ ಹ್ಯಾಂಗ?

ನನ್ನ ಮಾತು ಕೇಳುವ ಒಂದು ಜೀವವೂ ನಮ್ಮ ಮನೆಯಲ್ಲಿಲ್ಲ. ಎಮ್ಮೆ ಕೂಡ ಹೆಂಡತಿಯ ಪಕ್ಷ. ಅದಕ್ಕೇ ಮರಳಿ ಎಂಬ ಊರಿನಲ್ಲಿರುವ ನಮ್ಮ ಹೊಲದ ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಗಂಗಾವತಿಯ ಮನೆಯಲ್ಲಿ ಕೂತು ಫೋನಿನಲ್ಲಿ ಒತ್ತಿದರೆ ಸಾಕು, ಅಲ್ಲಿ ಭತ್ತದ ಸಸಿಮಡಿಗೆ ಗಂಗಾವತರಣ! ಮರಳಿ ಮರಳಿ ಮರಳಿಗೆ ಓಡುವ ಕಷ್ಟ ತೀರಿತೆಂದು ಬೀಗಿದೆ.

"ಸಾಫ್ಟ್‌ವೇರು ಭಾಳ ನಂಬಿಗಸ್ತ. ಸುಳ್ಳು ಹೇಳೂದು ಮನುಷ್ಯಾರು," ಎಂದೆ.

"ಖರೆ, ದಿನಾ ನೋಡಾಕತ್ತೀನಲ್ಲ," ಎಂದಳು ಹೆಂಡತಿ ದುರ್ಗಾದೇವಿ, ನನ್ನನ್ನೇ ನೋಡುತ್ತ.

ಕಾಲುವೆಗೆ ನೀರು ಬಿಡುವಷ್ಟರಲ್ಲಿ ಸಸಿ ಎದ್ದಿರಬೇಕು. ಕರೆಂಟು ಕೈಕೊಟ್ಟು ಮಡಿ ಬಿರಿಯತೊಡಗಿತ್ತು. ಇನ್ನೊಂದು ದಿನ ನೀರಿಲ್ಲದಿದ್ದರೆ ಸಸಿ ಹೋದಂತೆಯೇ. ಅಂತೂ ಮೊನ್ನೆ ಬೆಳಿಗ್ಗೆ ತ್ರೀ ಫೇಸ್ ಕರೆಂಟು ಬಂತು. ಫೋನ್ ತೆಗೆದು ಒತ್ತಿದೆ. ಪರದೆಯ ಮೇಲೆ ಚಕ್ರವೊಂದು ತಿರುಗಿತು. ತಿರುಗುತ್ತಲೇ ಇತ್ತು.

"ಏನಾತ್ರಿ?"

"ಹ್ಯಾಂಗ್ ಆಗೈತಿ."

"ಅದನ್ನಽ ಕೇಳಾಕತ್ತೀನಿ, ಹ್ಯಾಂಗ ಆಗೈತಿ?"

"ಹ್ಯಾಂಗಽ ಆಗೈತಿ!"

"ನನ್ನ ಕೇಳಿದ್ರ? ಫೋನ್ ನಿಮ್ಮ ಕೈಯಾಗೈತಿ!"

(ಇಂಗ್ಲಿಷರು ಈ ಪದ ಕಟ್ಟುವ ಮೊದಲು ನಮ್ಮ ಕಡೆಯವರನ್ನು ಒಂದು ಮಾತು ಕೇಳಬೇಕಿತ್ತು.)

"ಯಾವ ಯಂತ್ರಾನ ಇರಲಿ, ಆಫ್ ಮಾಡಿ ಆನ್ ಮಾಡಿದ್ರ ಸರಿಹೋಗ್ತೈತಿ," ಎಂದು ಉಪದೇಶಿಸಿ ಹಾಗೇ ಮಾಡಿದೆ. ಮತ್ತೆ ಒತ್ತಿದೆ. ಮತ್ತದೇ ಚಕ್ರ. ದುರ್ಗಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈಕಿನ ಹಿಂದೆ ಕೂತೇಬಿಟ್ಟಳು.

ಹೊಲದಲ್ಲಿ ಸಸಿ ಬಾಡಿ ಹಳದಿಗಟ್ಟಿತ್ತು.

"ಸ್ಟಾರ್ಟರ್ ಪೆಟ್ಟಿಗ್ಯಾಗಿನ ಹಸಿರು ಗುಂಡಿ ಒತ್ತಲೇನ್ರಿ?"

"ನಿಂದ್ರು! ಮೊದ್ಲ ಪೈಪ್ ನೋಡ್ತೀನಿ. ನಾ ಅನ್ನೂತನಕ ಮುಟ್ಟಬ್ಯಾಡ."

ಮಹಾ ಇಂಜಿನಿಯರನ ಗತ್ತಿನಲ್ಲಿ ಬಗ್ಗಿ ಪೈಪಿನ ಬಾಯಿಗೆ ಕಣ್ಣಿಟ್ಟೆ. ಆಗ ಜೇಬಿನೊಳಗಿಂದ ಹೆಣ್ಣುದನಿಯೊಂದು ಗಂಭೀರವಾಗಿ ನುಡಿಯಿತು: "ಮೋಟಾರ್ ಚಾಲನೆಯಲ್ಲಿದೆ."

ನೀರು ಬಂತು. ಮೊದಲು ನನ್ನ ಮುಖಕ್ಕೆ, ಆಮೇಲೆ ಮಡಿಗೆ. ಕೆಸರಿನಲ್ಲಿ ಕೂತೇ ಕೂಗಿದೆ.

"ಯಾಕ ಒತ್ತಿದಿ?"

"ನಾ ಎಲ್ಲಿ ಒತ್ತೀನ್ರಿ? ನಿಮ್ಮ ಫೋನ್ ಒತ್ತೈತಿ. ನಂಬಿಗಸ್ತ ಐತಿ ಬಿಡ್ರಿ, ಹೇಳಿದ ಕೆಲಸ ಮಾಡೇ ಮಾಡತೈತಿ. ಆದ್ರ ತನಗ ತಿಳಿದಾಗ. ಥೇಟ್ ನಿಮ್ಮಂಗ."

ಮತ್ತೆ ಕೂಗಲು ತೆರೆದ ಬಾಯಿ ತೆರೆದೇ ಇತ್ತು. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಕಣ್ಣೊಳಗೆ ಇಣುಕಿ ನೋಡಿದಳು.

"ಹ್ಯಾಂಗ್ ಅಂದ್ರೇನಂತ ಈಗ ತಿಳೀತ್ರಿ," ಎಂದಳು. "ಏಳ್ರಿ, ಬೇವಿನ ನೆರಳಾಗ ಸ್ವಲ್ಪ ಆಫ್ ಆಗ್ರಿ. ನೀರು ನಾ ನೋಡ್ಕೋತೀನಿ."