ಕಸದ ಚೀಲದ ಕಿರುಚಿತ್ರ

"ಸುಮ್ನೆ ಬಿದ್ಕೋಬೇಡಿ, ನಾನು ಕಳಿಸಿರೋ ಸಿನಿಮಾ ಒಂದಾದ್ರೂ ನೋಡಿ" ಎಂದು ಭಾನುವಾರ ಬೆಳಿಗ್ಗೆ ಹೆಂಡತಿ ತಂಗಿಯ ಮನೆಗೆ ಹೊರಟದ್ದೇ ಕನ್ನಡಕದಣ್ಣನ ಫಜೀತಿಗೆ ಮೂಲವಾಯಿತು.

ಕನ್ನಡಕದಂಗಡಿ ಇಟ್ಟಿದ್ದರಿಂದ ಕಟ್ಟಡದವರೆಲ್ಲ ಅವನನ್ನು ಹಾಗೆ ಕರೆಯುತ್ತಿದ್ದರು. ಹೆಂಡತಿಗೆ ಈಚೆಗೊಂದು ಹುಚ್ಚು ಹಿಡಿದಿತ್ತು. ಹೀರೋ ಇಲ್ಲದ, ಹೊಡೆದಾಟವಿಲ್ಲದ, ಯಾರೋ ನಾಲ್ಕು ಜನ ಕೈಯಿಂದ ದುಡ್ಡು ಹಾಕಿಕೊಂಡು ತೆಗೆದ ಚಿತ್ರಗಳನ್ನು ಇಂಟರ್‌ನೆಟ್ಟಿನ ಮೂಲೆಮೂಲೆಯಿಂದ ಹೆಕ್ಕಿ ತರುತ್ತಿದ್ದಳು. "ಇದೂ ಒಂದು ಸಿನಿಮಾನೇನೇ?" ಎಂದು ಮೂಗು ಮುರಿಯುತ್ತಿದ್ದವನು, ಮನೆ ಖಾಲಿಯಾದ ಮೇಲೆ ಕದ್ದು ಒಂದನ್ನು ನೋಡಿದ. ಕಡಲತೀರದ ದೀಪಸ್ತಂಭ ಕಾಯುವ ಮುದುಕನ ಸಾಕ್ಷ್ಯಚಿತ್ರ. ಕಣ್ಣು ಒದ್ದೆಯಾಯಿತು, ರುಚಿ ಹತ್ತಿತು. ಒಂದೇ ಕೊಡೆಗೆ ಜಗಳವಾಡುವ ಅಕ್ಕತಂಗಿಯರ ಕಿರುನಾಟಕವನ್ನೂ ನೋಡಿ ಮುಗಿಸಿದ. ಮೂರನೆಯದು ಶುರುವಾದಾಗ ಎದೆ ಧಸಕ್ಕೆಂದಿತು.

ಮಾತೇ ಇಲ್ಲದ ಚಿತ್ರ. ತಮ್ಮ ಕಟ್ಟಡದಂಥದೇ ಇಕ್ಕಟ್ಟಾದ ಮೆಟ್ಟಿಲು. ಬೋಳುತಲೆಯವನೊಬ್ಬ, ಬೆನ್ನಷ್ಟೇ ಕಾಣುತ್ತದೆ, ಆಚೀಚೆ ನೋಡಿ ಕಸದ ಚೀಲ ಹಿಡಿದು ತುದಿಗಾಲಲ್ಲಿ ಇಳಿಯುತ್ತಾನೆ. ಕೆಳಗಿನವರ ಬಾಗಿಲಲ್ಲಿ ಅದನ್ನಿಟ್ಟು ಬೆಕ್ಕಿನ ಹಾಗೆ ಮೇಲೇರುತ್ತಾನೆ.

ಕನ್ನಡಕದಣ್ಣ ತನ್ನ ಬೋಳುತಲೆ ಸವರಿಕೊಂಡ. ಹೆಂಡತಿಗೂ ತಿಳಿಯದಂತೆ ಅವನು ದಿನಾ ಮಾಡುತ್ತಿದ್ದುದು ಇದನ್ನೇ! ಮೂರನೇ ಮಹಡಿಯಿಂದ ಕೆಳಗಿನ ತೊಟ್ಟಿಯವರೆಗೆ ಹೋಗಲು ಸೋಮಾರಿತನ, ಎರಡನೇ ಮಹಡಿಯ ಹಲ್ಲು ಡಾಕ್ಟರಮ್ಮನ ಬಾಗಿಲು ಹತ್ತಿರ. ಅದೇನು ಮಾಯೆಯೋ, ಚೀಲಗಳು ಕೊನೆಗೆ ನೆಲಮಹಡಿಯ ದರ್ಜಿಯ ಹೊಸ್ತಿಲಲ್ಲಿ ರಾಶಿ ಬೀಳುತ್ತಿದ್ದವು. "ಆ ಕಳ್ಳ ಸಿಗಲಿ, ಬಾಯಿ ಹೊಲಿದುಬಿಡ್ತೀನಿ" ಎಂದು ದರ್ಜಿ ಕೂಗಿದಾಗ, "ಎರಡು ಹೊಲಿಗೆ ಜಾಸ್ತೀನೇ ಹಾಕಿ" ಎನ್ನುತ್ತಿದ್ದವನು ಇವನೇ.

ಯಾರೋ ತನ್ನನ್ನು ನೋಡಿ ಸಿನಿಮಾ ತೆಗೆದಿದ್ದಾರೆ! ಅರ್ಧಕ್ಕೇ ಫೋನು ಆರಿಸಿ, ಪತ್ತೇದಾರಿಕೆಗೆ ಇಳಿದ.

"ಡಾಕ್ಟರಮ್ಮ, ಒಂದು ಒಳ್ಳೇ ಕಿರುಚಿತ್ರ. ಅಭಿರುಚಿ ಇರೋರಿಗೇ ತೋರಿಸ್ತಿದೀನಿ" ಎಂದು ಫೋನು ಕೊಟ್ಟು ಅವಳ ಮುಖವನ್ನೇ ದಿಟ್ಟಿಸಿದ.

ಚೀಲ ಕಂಡದ್ದೇ ತಡ, ಡಾಕ್ಟರಮ್ಮನ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತ ರೋಗಿಯಂತಾಯಿತು. "ಇದನ್ನ ನನಗ್ಯಾಕೆ ತೋರಿಸ್ತೀರಿ?" ಎಂದವಳೇ ಬಾಗಿಲು ಹಾಕಿಕೊಂಡಳು.

'ಗಾಬರಿ ನೋಡು! ಇವಳದೇ ಕೆಲಸ' ಎಂದುಕೊಂಡ. ಆದರೆ ಮೊದಲನೇ ಮಹಡಿಯ ರಿಟೈರ್ಡ್ ಪೋಸ್ಟ್‌ಮಾಸ್ಟರ ಬಳಿ ಹಕ್ಕಿಗಳ ಫೋಟೋ ತೆಗೆಯುವ ಕ್ಯಾಮೆರಾ ಇತ್ತಲ್ಲ?

ಪೋಸ್ಟ್‌ಮಾಸ್ಟರು ಒಂದು ನಿಮಿಷ ನೋಡಿ, ಕನ್ನಡಕ ತೆಗೆದು ಒರೆಸಿ, ಹಾಕಿ, ಮತ್ತೆ ಒರೆಸಿದರು. "ಇದನ್ನ ಯಾರ್ಯಾರು ನೋಡಿದಾರೆ?"

"ಯಾಕೆ ಸಾರ್ ಕೇಳ್ತೀರಿ?"

"ನೀವ್ಯಾಕೆ ತೋರಿಸ್ತೀರಿ?"

ಗೋಡೆಯ ಮೇಲೆ ಎದುರುಬದುರಾದ ಬೆಕ್ಕುಗಳಂತೆ ಇಬ್ಬರೂ ಗುರಾಯಿಸಿಕೊಂಡು ನಿಂತರು.

ಅವನು ಹೋದ ಮೇಲೆ ಪೋಸ್ಟ್‌ಮಾಸ್ಟರು, ತಾನು ಸಾಚಾ ಎಂದು ತೋರಿಸಿಕೊಳ್ಳಲು, ಆ ಚಿತ್ರವನ್ನು ಹುಡುಕಿ ನೇರ ದರ್ಜಿಗೇ ಕಳಿಸಿಬಿಟ್ಟರು: "ನಿಮ್ಮ ಕಳ್ಳ ಸಿಕ್ಕಿರೋ ಹಾಗಿದೆ."

ಸಂಜೆ ದರ್ಜಿ ಎಲ್ಲರನ್ನೂ ಮೆಟ್ಟಿಲ ಬುಡದಲ್ಲಿ ಸೇರಿಸಿದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು. "ನಾನಿನ್ನೂ ಪೂರ್ತಿ ನೋಡಿಲ್ಲ. ಒಟ್ಟಿಗೇ ನೋಡೋಣ. ಮುಖ ಕಾಣ್ಲೇಬೇಕಲ್ಲ?"

ಚಿತ್ರ ಓಡಿತು. ಡಾಕ್ಟರಮ್ಮ ಉಗುರು ಕಚ್ಚತೊಡಗಿದಳು. ಪೋಸ್ಟ್‌ಮಾಸ್ಟರು ಬೆವರೊರೆಸಿಕೊಂಡರು. ಬೋಳುತಲೆಯವನು ಕೊನೆಯ ಮೆಟ್ಟಿಲಲ್ಲಿ ನಿಂತ. ನಿಧಾನಕ್ಕೆ ಈ ಕಡೆ ತಿರುಗತೊಡಗಿದ.

"ನಿಲ್ಲಿಸಿ! ನಾನೇ! ನಾನೇ ಇಟ್ಟಿದ್ದು!" ಕನ್ನಡಕದಣ್ಣ ಕಿರುಚಿದ.

ಅಷ್ಟರಲ್ಲಿ ಫೋನಿನಲ್ಲಿದ್ದವನು ಪೂರ್ತಿ ತಿರುಗಿದ. ಪೊರಕೆಯಂಥ ಬಿಳಿ ಮೀಸೆಯ, ಯಾವ ಜನ್ಮದಲ್ಲೂ ಯಾರೂ ಕಂಡಿರದ ಒಬ್ಬ ಅಜ್ಜ.

ಆಗಲೇ ಗೇಟಿನೊಳಗೆ ಬಂದ ಹೆಂಡತಿ ಇಣುಕಿ ನೋಡಿದಳು. "ಅಯ್ಯೋ, ಇದಾ? ಯಾವುದೋ ದ್ವೀಪದವರು ತೆಗೆದಿದ್ದು, ನಾವು ಈ ಮನೆಗೆ ಬರೋಕೂ ಮುಂಚೆ. ಕೊನೇಲಿ ಹೆಸರು ಬರೋವರೆಗೂ ಕೂತು ನೋಡ್ಬೇಕು ಅಂತ ಎಷ್ಟು ಸಲ ಹೇಳಿದೀನಿ!"

"ಅಜ್ಜ ಯಾವ ದೇಶದವನಾದ್ರೆ ನನಗೇನಮ್ಮಾ?" ಎಂದ ದರ್ಜಿ. "ಕುಂಬಳಕಾಯಿ ಕಳ್ಳ ಅಂದ್ರೆ ನಿಮ್ಮ ಯಜಮಾನ್ರು ಹೆಗಲು ಮುಟ್ಟಿ ನೋಡ್ಕೊಂಡ್ರು! ನಾಳೆಯಿಂದ ಇಡೀ ಕಟ್ಟಡದ ಕಸ ತೊಟ್ಟಿಗೆ ಹಾಕೋದು ಇವರೇ."

"ನ್ಯಾಯ!" ಎಂದಳು ಡಾಕ್ಟರಮ್ಮ. "ಪಕ್ಕಾ ನ್ಯಾಯ!" ಎಂದರು ಪೋಸ್ಟ್‌ಮಾಸ್ಟರು. ಹೆಂಡತಿ ಗಂಡನ ಮುಖ ನೋಡದೆ ದಡದಡ ಮೇಲೆ ಹೋದಳು.

ಅವನು ಹಿಂದೆಯೇ ಕಾಲೆಳೆದುಕೊಂಡು ಹತ್ತಿದ. ಎರಡನೇ ಮಹಡಿಯಲ್ಲಿ ಡಾಕ್ಟರಮ್ಮ ಬಾಗಿಲು ಅಷ್ಟೇ ಅಷ್ಟು ತೆರೆದು ಪಿಸುಗುಟ್ಟಿದಳು: "ತುಂಬ ಉಪಕಾರ ಆಯ್ತು ಕಣ್ರೀ. 'ನಾನೇ' ಅಂತ ನಾನೂ ಬಾಯಿ ತೆಗೆದಿದ್ದೆ, ನೀವು ಮುಂದಾದ್ರಿ. ನೀವಿಟ್ಟಿದ್ದರ ಜೊತೆ ನಮ್ಮದನ್ನೂ ಸೇರಿಸಿ ದಿನಾ ಪೋಸ್ಟ್‌ಮಾಸ್ಟರ ಬಾಗಿಲಿಗೆ ಇಡ್ತಿದ್ದೆ. ಅವರು ಅಲ್ಲಿಂದ ದರ್ಜಿ ಬಾಗಿಲಿಗೆ."

ಕನ್ನಡಕದಣ್ಣ ಬಾಯಿ ತೆರೆಯುವ ಮೊದಲೇ ಅವಳು ಒಂದು ಚೀಲವನ್ನು ಹೊರಗೆ ತಳ್ಳಿದಳು.

"ನಾಳೆವರೆಗೆ ಯಾಕೆ ಕಾಯೋದು? ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ, ಸೋರ್ತಿದೆ."