ಥಾಯ್ಲೆಂಡಿನ ಅಳಿಯನ ಫೋಟೊ ಪ್ರಕರಣ

ತಾನು ಪ್ರವಾಸಿಯಲ್ಲ, ಅಳಿಯ ಎಂದು ಸುಮಿತ್ ಹಟ ಹಿಡಿಯದೇ ಇದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಅವನ ಪಾಡಿಗೆ ಅವನು ದೆಹಲಿಯಲ್ಲಿ ವಿಮಾನ ಹತ್ತಿ, ಚಿಯಾಂಗ್ ಮಾಯ್ ಎಂಬ ಊರಿನಲ್ಲಿ ಇಳಿದು, ಹೆಂಡತಿಯ ತವರಿನಲ್ಲಿ ನೂಡಲ್ಸ್ ತಿಂದುಕೊಂಡು ಹಾಯಾಗಿರುತ್ತಿದ್ದ. ಆದರೆ ಕೆಲವರಿಗೆ ನೆಟ್ಟಗಿನ ದಾರಿ ಕಂಡರೆ ಅವಮಾನವಾದಂತಾಗುತ್ತದೆ. ಸುಮಿತ್ ಆ ಪಂಗಡಕ್ಕೆ ಸೇರಿದವನು.

ಅವನ ಹೆಂಡತಿ ಮಾಲಿ ಥಾಯ್ಲೆಂಡಿನವಳು. ದೆಹಲಿಯ ವಸಂತ್ ಕುಂಜ್ ಹತ್ತಿರದ ವಿಶ್ವವಿದ್ಯಾಲಯಕ್ಕೆ ಥಾಯ್ ಭಾಷೆ ಕಲಿಸಲು ಬಂದವಳು, ಸುಮಿತನ ಅಪ್ಪ ವಿಠಲ ರಾಯರ ಹೋಟೆಲಿಗೆ ನೀರುದೋಸೆ ತಿನ್ನಲು ಬರತೊಡಗಿದಳು. ಆರು ತಿಂಗಳು ತಿಂದ ಮೇಲೆ ಹೋಟೆಲಿನವರ ಮಗನನ್ನು ಮದುವೆಯಾದಳು. (ದೋಸೆಗಾಗಿ ಆದಳೋ ಮಗನಿಗಾಗಿ ಆದಳೋ ಎಂದು ಸುಮಿತ್ ಇವತ್ತಿಗೂ ಕೇಳಿಲ್ಲ, ಉತ್ತರ ಬಂದುಬಿಟ್ಟರೆ ಕಷ್ಟ.) ಮಾಲಿ ಎಂದರೆ ಅವರ ಭಾಷೆಯಲ್ಲಿ ಮಲ್ಲಿಗೆಯಂತೆ. ದೆಹಲಿಯಲ್ಲಿ ಮಾಲಿ ಎಂದು ಕೂಗಿದರೆ ತೋಟದ ಭಯ್ಯಾ ಓಡಿ ಬರುತ್ತಾನೆ. ಹಾಗಾಗಿ ಅತ್ತೆ ಉಮಾವತಿ ಸೊಸೆಯನ್ನು ಮಲ್ಲಿಗೆ ಎಂದೇ ಕರೆದರು, ಕರೆದು ಕರೆದು ಅವಳು ಬೇರೆ ದೇಶದವಳು ಎಂಬುದನ್ನೇ ಮರೆತರು. ಮೂರು ವರ್ಷದಲ್ಲಿ ಮಾಲಿ ಕನ್ನಡ ಕಲಿತಳು. ಕಲಿತದ್ದು ಅತ್ತೆಯ ಕರಾವಳಿ ಕನ್ನಡವನ್ನೇ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಚಿಯಾಂಗ್ ಮಾಯ್‌ನಿಂದ ಫೋನ್ ಬಂತು. ಮಾಲಿಯ ಅಮ್ಮನಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆಗಬೇಕು, ಅವರ ನೂಡಲ್ಸ್ ಅಂಗಡಿಯನ್ನು ಒಂದು ವರ್ಷವಾದರೂ ಯಾರಾದರೂ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯದ ಕೆಲಸ ಮಾರ್ಚಿಗೆ ಮುಗಿಯುತ್ತದೆ, ತಾನು ಹೋಗುತ್ತೇನೆ ಎಂದಳು ಮಾಲಿ. ಒಂದು ವರ್ಷ ಎಂಬ ಮಾತು ಕೇಳಿ ಸುಮಿತ್ ಕಾಫಿ ಲೋಟ ಹಿಡಿದುಕೊಂಡೇ ಲೆಕ್ಕ ಹಾಕಿದ. ಮದುವೆಯಾದ ಮೇಲೆ ಅವಳು ಮನೆಯಲ್ಲಿ ಇಲ್ಲದಿದ್ದದ್ದು ಎರಡೇ ದಿನ, ಆ ಎರಡೂ ದಿನ ಅವನಿಗೆ ತನ್ನ ಟವೆಲ್ ಎಲ್ಲಿದೆ ಎಂಬುದೇ ಗೊತ್ತಾಗಿರಲಿಲ್ಲ. ಅವಳಿಲ್ಲದ ಮನೆಯಲ್ಲಿ ಮುನ್ನೂರ ಅರವತ್ತೈದು ದಿನ ಹೇಗೆ ಕಳೆಯುವುದು? ಕಾಫಿ ಲೋಟ ಕೆಳಗಿಡುವುದರೊಳಗೆ ಅವನು ತಾನೂ ಬರುತ್ತೇನೆ ಎಂದು ಘೋಷಿಸಿದ. ಗುರ್‌ಗಾಂವ್‌ನ ಆಫೀಸಿಗೆ ಒಂದು ವರ್ಷದ ಸಂಬಳವಿಲ್ಲದ ರಜೆ ಬೇಕೆಂದು ಬರೆದ. ಮ್ಯಾನೇಜರ್ ಮರುದಿನ ಬೆಳಿಗ್ಗೆಯೇ ಮಂಜೂರು ಮಾಡಿ, ಬೇಕಿದ್ದರೆ ಇನ್ನೂ ಆರು ತಿಂಗಳು ಸೇರಿಸಿಕೊಳ್ಳಿ ಎಂದದ್ದು ಮಾತ್ರ ಸ್ವಲ್ಪ ನೋವುಂಟುಮಾಡಿತು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಉಮಾವತಿ ಬೀಗಿತ್ತಿಗೆಂದು ಮಿಡಿ ಉಪ್ಪಿನಕಾಯಿ ಕಟ್ಟಿದರು, ಟೆರೇಸಿನಲ್ಲಿ ಹಲಸಿನ ಹಪ್ಪಳ ಮತ್ತೆ ಬಿಸಿಲಿಗೆ ಹಾಕಿದರು. ಸುಮಿತ್ ಥಾಯ್ ರೀತಿಯಲ್ಲಿ ಕೈ ಮುಗಿದು "ಸವಾದಿ ಖ್ರಾಪ್" ಎನ್ನುವುದನ್ನು ಹಾಲಿನ ಭಯ್ಯಾನ ಮೇಲೆ ಅಭ್ಯಾಸ ಮಾಡಿದ. ಅದು ಹಾಲು ನಿಲ್ಲಿಸುವ ಸೂಚನೆಯೆಂದು ತಿಳಿದ ಭಯ್ಯಾ ಮರುದಿನ ಬರಲಿಲ್ಲ.

ಇಂಥ ಉತ್ಸಾಹದ ನಡುವೆ ಮಾಲಿ ಒಂದು ಸರಳವಾದ ಮಾತು ಹೇಳಿದಳು. ಭಾರತದವರು ವೀಸಾ ಇಲ್ಲದೆಯೇ ಥಾಯ್ಲೆಂಡಿಗೆ ಹೋಗಿ ಎರಡು ತಿಂಗಳು ಇದ್ದು ಬರಬಹುದಾದ ಕಾಲ ಅದು.

"ಇಲ್ಲಿಂದಲೇ ವೀಸಾ ಎಂತಕ್ಕೆ? ಎರಡು ತಿಂಗಳಿಗೆ ಹಾಗೇ ಬಿಡ್ತಾರೆ. ನನ್ನ ಜೊತೆಗೇ ಬಾ. ಉಳಿದದ್ದು ಅಲ್ಲಿ ನೋಡುವ."

"ಹಾಗೇ ಹೋಗೋದು ಟೂರಿಸ್ಟ್‌ಗಳು," ಎಂದ ಸುಮಿತ್. "ನಾನು ಆ ದೇಶದ ಅಳಿಯ. ಹೋಗೋದಿದ್ರೆ ಅಳಿಯ ಅಂತ ಮೊಹರು ಹಾಕಿಸ್ಕೊಂಡೇ ಹೋಗ್ತೇನೆ."

"ಅಳಿಯ ಅಂತ ಮೊಹರು ಇಲ್ಲ ಮಾರಾಯ. ‘ಓ’ ಅಂತ ವೀಸಾದ ಒಂದು ಅಕ್ಷರ ಉಂಟು, ಹೆಂಡತಿ ಅಲ್ಲಿಯವಳಾದರೆ ಕೊಡುದು, ಅಷ್ಟೇ."

ಆ ‘ಓ’ ಸಾಕು, ಅದರೊಳಗೆ ತನ್ನ ಮರ್ಯಾದೆ ಪೂರ್ತಿಯಾಗಿ ಹಿಡಿಸುತ್ತದೆ ಎಂದ ಸುಮಿತ್. ಅವನ ಮಾತಿಗೆ ಎದುರು ಫ್ಲಾಟಿನ ನಾರಾಯಣಸ್ವಾಮಿಯವರ ಸಂಪೂರ್ಣ ಬೆಂಬಲ ಸಿಕ್ಕಿತು. ಮೈಸೂರು ಕಡೆಯ ಈ ಹಿರಿಯರು ಯಾವುದೋ ಸಚಿವಾಲಯದಲ್ಲಿ ಮೂವತ್ತನಾಲ್ಕು ವರ್ಷ ಫೈಲು ನೋಡಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರ ಕೈಗೆ ಒಂದೇ ಒಂದು ಫೈಲು ಬಂದಿರಲಿಲ್ಲ. "ಎಲ್ಲಾ ಪ್ರಾಪರ್ ಚಾನೆಲ್‌ನಲ್ಲೇ ಹೋಗ್ಬೇಕು ಕಣಪ್ಪ," ಎಂದು ಅವರು ಕನ್ನಡಕ ಒರೆಸಿಕೊಂಡಾಗ ಅವರ ಕಣ್ಣಲ್ಲಿ ನೀರಿತ್ತು.

ಹತ್ತು ದಿನ ಫೈಲಿನ ನಿರ್ಮಾಣ ನಡೆಯಿತು. ಮದುವೆ ನೋಂದಣಿಯ ಪತ್ರ, ಅದರ ಥಾಯ್ ಅನುವಾದ, ಅನುವಾದಕ್ಕೆ ದೃಢೀಕರಣ, ದೃಢೀಕರಣದ ಜೆರಾಕ್ಸು, ಜೆರಾಕ್ಸಿನ ಮೇಲೆ ಸುಮಿತನ ರುಜು. ನಾರಾಯಣಸ್ವಾಮಿ ಎಲ್ಲವನ್ನೂ ಹಸಿರು ದಾರದಿಂದ ಪೋಣಿಸಿ ಗಂಟು ಹಾಕಿದ ಮೇಲೆ, ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬೇಕು ಎಂದು ಮಾಲಿ ತಿಳಿಸಿದಳು. ಗಂಟು ಬಿಚ್ಚಲು ನಾರಾಯಣಸ್ವಾಮಿ ಒಪ್ಪಲಿಲ್ಲ. ಗಂಟಿನ ಸಮೇತ ಸ್ಕ್ಯಾನ್ ಆಯಿತು, ಪ್ರತಿ ಪುಟದ ಮೂಲೆಯಲ್ಲೂ ಒಂದು ಹಸಿರು ಹುಳು ಮಲಗಿದಂತೆ ಕಂಡಿತು.

ಕೊನೆಯಲ್ಲಿ ಉಳಿದದ್ದು ಒಂದೇ, ಗಂಡ ಹೆಂಡತಿ ಜೊತೆಗಿರುವ ನಾಲ್ಕು ಫೋಟೊ. ಅದೇನು ಮಹಾ ಎಂದುಕೊಂಡು ಸುಮಿತ್ ಮೊಬೈಲು ತೆಗೆದ. ಮೂರು ವರ್ಷದ ಸಾವಿರಾರು ಫೋಟೊ ಸರಿಸಿ ನೋಡಿ ಸೋಫಾದಲ್ಲಿ ಕುಸಿದು ಕೂತ.

ಇಲ್ಲಿ ಉಮಾವತಿಯವರ ಛಾಯಾಚಿತ್ರ ಸಂವಿಧಾನವನ್ನು ಹೇಳಬೇಕು. ಅದರಲ್ಲಿ ಎರಡೇ ಕಲಮುಗಳು. ಹೊಸ ಜೋಡಿ ಇಬ್ಬರೇ ಫೋಟೊಗೆ ನಿಂತರೆ ದೃಷ್ಟಿಯಾಗುತ್ತದೆ, ಆದ್ದರಿಂದ ನಡುವೆ ಹಿರಿಯರೊಬ್ಬರು ನಿಲ್ಲಬೇಕು. ಆ ಹಿರಿಯರು ಉಮಾವತಿ. ಹಾಗೆ ನಿಂತರೆ ಮೂವರಾಗುತ್ತಾರೆ, ಮೂವರು ಫೋಟೊಗೆ ನಿಲ್ಲುವುದು ಅಶುಭ. ಆದ್ದರಿಂದ ನಾಲ್ಕನೆಯವರೊಬ್ಬರು ಬೇಕು. ವಿಠಲ ರಾಯರು ಮೂರು ಹೊತ್ತೂ ಹೋಟೆಲಿನಲ್ಲೇ ಇರುವುದರಿಂದ ಆ ಸ್ಥಾನ ಎದುರು ಫ್ಲಾಟಿಗೆ ಹೋಯಿತು. ನಾರಾಯಣಸ್ವಾಮಿ ಸಿಗದ ದಿನ ಗ್ಯಾಸ್ ಸಿಲಿಂಡರ್ ತಂದ ಭಯ್ಯಾ, ಕೊರಿಯರ್‌ನವನು ನಿಂತಿದ್ದಾರೆ, ಒಮ್ಮೆ ಲಿಫ್ಟ್ ರಿಪೇರಿಗೆ ಬಂದವನು ಕೂಡ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದಾನೆ. ಹನಿಮೂನಿಗೆ ಶಿಮ್ಲಾಕ್ಕೆ ಹೊರಟಾಗ, ಹಿಮ ನೋಡಿಲ್ಲವೆಂದು ಉಮಾವತಿ ಹೊರಟರು, ಮೂವರಾಗಬಾರದೆಂದು ನಾರಾಯಣಸ್ವಾಮಿಯವರನ್ನೂ ಕರೆದುಕೊಂಡರು. ಆ ಪ್ರವಾಸದ ಇನ್ನೂರು ಫೋಟೊಗಳಲ್ಲೂ ಅವರು ಮಂಕಿ ಟೋಪಿ ಹಾಕಿಕೊಂಡು ಮಾಲಿಯ ಪಕ್ಕದಲ್ಲೇ ಇದ್ದಾರೆ.

ಬೇರೆ ಇಲ್ಲವಾದ್ದರಿಂದ ಅವುಗಳಲ್ಲೇ ನಾಲ್ಕನ್ನು ಆರಿಸಿ ಹಾಕಿದರು. ಆರಿಸಿದವರು ನಾರಾಯಣಸ್ವಾಮಿ. ನಾಲ್ಕರಲ್ಲೂ ಅವರು ಬಹಳ ಚೆನ್ನಾಗಿ ಬಂದಿದ್ದರು.

ವಾರದ ನಂತರ ಚಾಣಕ್ಯಪುರಿಯ ಥಾಯ್ ರಾಯಭಾರ ಕಚೇರಿಯಿಂದ ವಿವರಣೆಗೆ ಕರೆ ಬಂತು. ಸುಮಿತ್ ಮದುವೆಯ ಕೋಟು ಹಾಕಿಕೊಂಡು, ಅಳಿಯ ಮಾವನ ಮನೆಗೆ ಮೊದಲ ಸಲ ಹೋಗುವ ಗತ್ತಿನಲ್ಲಿ ಹೋದ. ಎದುರಿಗೆ ಕುಳಿತ ಥಾಯ್ ಅಧಿಕಾರಿಣಿ ಬಹಳ ಸೌಜನ್ಯದವರು. ಫೋಟೊಗಳನ್ನು ಒಂದೊಂದಾಗಿ ನೋಡಿ, ಮೆತ್ತಗಿನ ದನಿಯಲ್ಲಿ ಕೇಳಿದರು.

"ಈ ಸಜ್ಜನರು ಯಾರು?"

ಎದುರು ಫ್ಲಾಟಿನವರು ಎಂದ ಸುಮಿತ್. ಇದು ಯಾವ ಊರು ಎಂದು ಕೇಳಿದರು. ಶಿಮ್ಲಾ, ನಮ್ಮ ಹನಿಮೂನು ಎಂದ. ಹನಿಮೂನಿಗೆ ಎದುರು ಫ್ಲಾಟಿನವರು ಏಕೆ ಬಂದಿದ್ದರು ಎಂದು ಕೇಳಿದರು. ಅಮ್ಮ ಬಂದಿದ್ದರಿಂದ ಎಂದ ಸುಮಿತ್. ಅಧಿಕಾರಿಣಿ ನಾಲ್ಕೂ ಫೋಟೊಗಳನ್ನು ಒಟ್ಟುಮಾಡಿ ಬೋರಲು ಹಾಕಿದರು. ಆಮೇಲೆ, ಮನೆಯೊಳಗೆ ಗಂಡ ಹೆಂಡತಿ ಇಬ್ಬರೇ ಇರುವ ನಾಲ್ಕು ಹೊಸ ಫೋಟೊ ಕಳಿಸಿ ಎಂದರು. ಅರ್ಜಿ ತೀರ್ಮಾನವಾಗುವ ತನಕ ನೀವು ಭಾರತ ಬಿಟ್ಟು ಹೊರಡುವಂತಿಲ್ಲ, ಇದನ್ನು ಓದಿ ಒಪ್ಪಿದ್ದೇನೆ ಎಂದು ನೀವೇ ಗುರುತು ಹಾಕಿದ್ದೀರಿ ಎಂದೂ ನೆನಪಿಸಿದರು. ಸುಮಿತ್ ಓದಿರಲಿಲ್ಲ. ನಾರಾಯಣಸ್ವಾಮಿ ಓದಿದ್ದರು, ಆದರೆ ಅದನ್ನು ವಿಳಂಬದ ಶುಭಸೂಚನೆಯೆಂದು ಸಂತೋಷಪಟ್ಟಿದ್ದರು.

ಮನೆಯಲ್ಲಿ ಫೋಟೊ ತೆಗೆಯುವ ಕಾರ್ಯಕ್ರಮ ಏರ್ಪಾಡಾಯಿತು. ಮಾಲಿಯ ಟಿಕೆಟಿಗೆ ಹತ್ತೇ ದಿನ ಉಳಿದಿತ್ತು. ಈ ಸಲ ನಡುವೆ ನಿಲ್ಲಬಾರದು ಎಂದು ಹೇಳಿದಾಗ ಉಮಾವತಿಯವರ ಮುಖ ಸಣ್ಣದಾಯಿತು.

"ನಾನೆಂತ ಅಡ್ಡ ಬರ್ತೇನಾ? ನಿಮಗೆ ದೃಷ್ಟಿ ಬೀಳ್ಬಾರ್ದು ಅಂತ ಮೂರು ವರ್ಷ ನಿಂತು ನಿಂತು ಕಾಲು ನೋವು ಮಾಡ್ಕೊಂಡದ್ದು ನಾನು."

ಮಾಲಿ ಅತ್ತೆಯ ಕೈ ಹಿಡಿದು ಸಮಾಧಾನ ಮಾಡಿದಳು. ನಾರಾಯಣಸ್ವಾಮಿ ಮೊಬೈಲು ಹಿಡಿದು ನಿಂತರು. ಸಹಜವಾಗಿರಿ ಎಂದು ಆಜ್ಞೆಯಾಯಿತು. ಅಮ್ಮನೂ ಸೆಕ್ಷನ್ ಆಫೀಸರೂ ನೋಡುತ್ತಿರುವಾಗ ಹೆಂಡತಿಯ ಹೆಗಲ ಮೇಲೆ ಕೈ ಇಡುವುದು ಸುಮಿತನಿಗೆ ಹೊಸ ಅನುಭವ. ಅವನು ಬಿಸಿ ಬಾಣಲೆ ಮುಟ್ಟಿದವನ ಹಾಗೆ ಇಟ್ಟು, ತೆಗೆದು, ಮತ್ತೆ ಇಟ್ಟ. ಮಾಲಿಗೆ ನಗು ತಡೆಯಲಾಗಲಿಲ್ಲ. ಹೇಗೋ ಅಡುಗೆಮನೆಯಲ್ಲಿ ಒಂದು, ಸೋಫಾದಲ್ಲಿ ಒಂದು, ಬೀರುವಿನ ಮುಂದೆ ಒಂದು, ತುಳಸಿ ಕುಂಡದ ಹತ್ತಿರ ಒಂದು, ನಾಲ್ಕು ಫೋಟೊ ಆದವು. ಅವತ್ತೇ ಕಳಿಸಿದರು.

ಟಿಕೆಟಿಗೆ ನಾಲ್ಕು ದಿನ ಇರುವಾಗ ಉತ್ತರ ಬಂತು. ಅಡುಗೆಮನೆಯ ಫೋಟೊದಲ್ಲಿ ದಂಪತಿಗಳ ತಲೆಯ ಮೇಲೆ ಒಣಮೆಣಸಿನಕಾಯಿ ಹಿಡಿದ ಒಂದು ಕೈ ಇದೆ (ದೃಷ್ಟಿ ತೆಗೆಯದೆ ಇರಲು ಉಮಾವತಿಯವರಿಂದ ಆಗಿರಲಿಲ್ಲ). ಸೋಫಾದ ಫೋಟೊದಲ್ಲಿ ಪರದೆಯ ಕೆಳಗೆ ಎರಡು ಪಾದಗಳಿವೆ. ಬೀರುವಿನ ಕನ್ನಡಿಯಲ್ಲಿ ಅದೇ ಸಜ್ಜನರು ಕಾಣಿಸುತ್ತಿದ್ದಾರೆ. ತುಳಸಿಯ ಹತ್ತಿರದ್ದರಲ್ಲಿ ಹೆಬ್ಬೆರಳೇ ಮುಕ್ಕಾಲು ಭಾಗ. ದಯವಿಟ್ಟು ಬೇರೆ ಕಳಿಸಿ.

ಮಾಲಿ ಮುಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವಳ ನಗು ನಿಂತಿತ್ತು. ಅಮ್ಮನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿಬಿಟ್ಟಿದೆ, ಟಿಕೆಟ್ ಮುಂದೆ ಹಾಕುವ ಹಾಗಿಲ್ಲ, ಅಷ್ಟು ದೊಡ್ಡ ಪಾತ್ರೆಗಳನ್ನು ಒಬ್ಬಳೇ ಹೇಗೆ ಎತ್ತುವುದು ಎಂದಳು. ಅದನ್ನು ಕೇಳಿದ ಉಮಾವತಿ ಒಳಗೆ ಹೋಗಿ, ಮಸ್ಕತ್ತಿನ ತಂಗಿಯ ಮನೆಗೆ ಹೋಗಲು ಮಾಡಿಸಿದ್ದ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರು.

"ನಾನು ಬರ್ತೇನೆ ಮಲ್ಲಿಗೆ. ನನಗೆ ಅಳಿಯ ಅಂತ ಮೊಹರು ಬೇಡ. ಎರಡು ತಿಂಗಳು ಹಾಗೇ ಬಿಡ್ತಾರಲ್ಲ, ಸಾಕು."

ಹತ್ತು ನಿಮಿಷದಲ್ಲಿ ಮಾಲಿಯ ಮೊಬೈಲಿನಲ್ಲೇ ಅವರ ಟಿಕೆಟ್ಟೂ ಆಯಿತು, ಥಾಯ್ಲೆಂಡಿಗೆ ಕೊಡಬೇಕಾದ ವಿವರವೂ ತುಂಬಿ ಆಯಿತು. ಒಂದೇ ಒಂದು ಜೆರಾಕ್ಸ್ ಇಲ್ಲ, ದಾರವಿಲ್ಲ, ದೃಢೀಕರಣವಿಲ್ಲ. ಸುಮಿತ್ ಬಾಯಿ ಬಿಟ್ಟುಕೊಂಡು ನೋಡಿದ. ನಾರಾಯಣಸ್ವಾಮಿಯವರು ಅದನ್ನು ನೋಡಲಾಗದೆ ಮನೆಗೆ ಹೋದರು.

ಏರ್‌ಪೋರ್ಟಿನ ಬಾಗಿಲಿನಲ್ಲಿ ಉಮಾವತಿ ಫ್ರಿಜ್ಜಿನ ಯಾವ ಡಬ್ಬಿಯಲ್ಲಿ ಏನಿದೆ ಎಂದು ಮಗನಿಗೆ ಹೇಳುತ್ತಿದ್ದರು. ಅವರು ಪಾಸ್‌ಪೋರ್ಟ್ ಹುಡುಕಲು ಚೀಲಕ್ಕೆ ತಲೆ ಹಾಕಿದ ಕ್ಷಣದಲ್ಲಿ ಮಾಲಿ ಸುಮಿತನನ್ನು ಕಂಬದ ಮರೆಗೆ ಎಳೆದು, ಕೆನ್ನೆಗೆ ಕೆನ್ನೆ ತಾಗಿಸಿ ಒಂದು ಸೆಲ್ಫಿ ತೆಗೆದಳು. ಮೂರು ವರ್ಷದಲ್ಲಿ ಇಬ್ಬರೇ ಇರುವ ಮೊದಲ ಫೋಟೊ. ಸುಮಿತನಿಗೆ ಅಳುವೂ ಬಂತು, ಸಂತೋಷವೂ ಆಯಿತು. ಟ್ಯಾಕ್ಸಿಯಲ್ಲೇ ಕೂತು ಅದನ್ನು ರಾಯಭಾರ ಕಚೇರಿಗೆ ಕಳಿಸಿದ.

ಫೋಟೊ ಬಹಳ ಚೆನ್ನಾಗಿದೆ, ಆದರೆ ಮನೆಯಲ್ಲಿ ತೆಗೆದದ್ದು ಬೇಕು ಎಂದು ಉತ್ತರ ಬಂತು. ಮನೆಯಿತ್ತು, ಗಂಡನಿದ್ದ, ಹೆಂಡತಿ ಮಾತ್ರ ಚಿಯಾಂಗ್ ಮಾಯ್‌ನಲ್ಲಿದ್ದಳು. ಅವಳ ಹತ್ತಿರ ಹೋಗಲು ಅವಳ ಜೊತೆ ಮನೆಯಲ್ಲಿ ನಿಂತ ಫೋಟೊ ಬೇಕು, ಅವಳ ಜೊತೆ ನಿಲ್ಲಲು ಅವಳ ಹತ್ತಿರ ಹೋಗಬೇಕು. ಇದೊಂದು ಅತ್ಯುತ್ತಮ ಫೈಲು, ಹತ್ತು ವರ್ಷ ನಡೆಸಬಹುದು ಎಂದರು ನಾರಾಯಣಸ್ವಾಮಿ. ರಜೆಯಲ್ಲಿರುವವನು ಸುಮ್ಮನೆ ಏಕೆ ಕೂರುವುದೆಂದು ವಿಠಲ ರಾಯರು ಮಗನನ್ನು ಹೋಟೆಲಿನ ಗಲ್ಲಾದ ಮುಂದೆ ಕೂರಿಸಿದರು. ಬಂದವರೆಲ್ಲ, ಥಾಯ್ಲೆಂಡಿಗೆ ಹೋಗಿದ್ದಿರಂತೆ, ಯಾವಾಗ ಬಂದಿರಿ ಎಂದು ಕೇಳುವವರೇ.

ಎಂಟನೆಯ ದಿನ ಉಮಾವತಿಯಿಂದ ಒಂದು ಫೋಟೊ ಬಂತು. ನೂಡಲ್ಸ್ ಅಂಗಡಿಯ ಮುಂದೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತ ಬೀಗಿತ್ತಿ, ನಡುವೆ ಉಮಾವತಿ, ಆ ಕಡೆ ಮಾಲಿ. ಅಲ್ಲಿಗೆ ಮೂವರಾದರಲ್ಲ. ಮಾಲಿಯ ಪಕ್ಕದಲ್ಲಿ ಆ ಊರಿನ ಕೆಂಪು ಟೆಂಪೊ ಓಡಿಸುವ ಒಬ್ಬ ತರುಣ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಸುಮಿತ್ ಅವನ ಹಲ್ಲನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಆಮೇಲೆ ಗಲ್ಲಾ ಬಿಟ್ಟು ಎದ್ದು ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದ. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು, ಜೊತೆಗೆ ಶುಭ ಹಾರೈಕೆಯೂ ಇತ್ತು.

ಚಿಯಾಂಗ್ ಮಾಯ್‌ನಲ್ಲಿ ಇಳಿದಾಗ, ಬಂದ ಉದ್ದೇಶವೇನು ಎಂದು ಕೇಳಿದ ಅಧಿಕಾರಿಗೆ ಥಾಯ್ಲೆಂಡಿನ ಅಳಿಯ ತಲೆ ತಗ್ಗಿಸಿ, ಪ್ರವಾಸ ಎಂದ. ಮೊಹರು ಬಿತ್ತು. ಟ್ಯಾಕ್ಸಿ ಇಳಿದಲ್ಲಿಂದ ಅಂಗಡಿಯವರೆಗೆ ಅವನು ಸೂಟ್‌ಕೇಸು ಎಳೆದುಕೊಂಡು ಹೆಚ್ಚುಕಡಿಮೆ ಓಡಿದ. ಉಮಾವತಿ ಗಿರಾಕಿಗಳಿಗೆ ಕನ್ನಡದಲ್ಲೇ ನೂಡಲ್ಸ್ ಬಡಿಸುತ್ತಿದ್ದರು, ಅವರು ಥಾಯ್‌ನಲ್ಲೇ ಇನ್ನೂ ಸ್ವಲ್ಪ ಕೇಳುತ್ತಿದ್ದರು, ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ಮಾಲಿ ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು ಓಡಿ ಬಂದಳು. ಸುಮಿತನಿಗೆ ಒಂದು ವರ್ಷದ ಮೇಲೆ ನೋಡಿದಂತಾಯಿತು.

"ಬಂದ್ಯಾ?" ಎಂದರು ಉಮಾವತಿ. "ಒಳ್ಳೇದಾಯ್ತು. ಇವತ್ತು ಫೋಟೊಗೆ ಒಬ್ಬ ಕಡಿಮೆ ಇದ್ದ. ಬಾ, ಆ ಕಡೆ ನಿಲ್ಲು."

ಕೆಂಪು ಟೆಂಪೊದ ತರುಣ ಈ ಸಲ ಮೊಬೈಲು ಹಿಡಿದ. ಬೀಗಿತ್ತಿ, ಉಮಾವತಿ, ಮಾಲಿ ಮೂವರೂ ಅಚ್ಚುಕಟ್ಟಾಗಿ ಬಂದರು. ಸುಮಿತ್ ಬಲಗಡೆಯ ಅಂಚಿನಲ್ಲಿ ಒಂದು ಕಿವಿ, ಅರ್ಧ ಮೂಗು ಮತ್ತು ಪೂರ್ತಿ ನಗುವಿನೊಂದಿಗೆ ಬಂದ. ಉಮಾವತಿ ಕೂಡಲೇ ಅದನ್ನು ದೆಹಲಿಗೆ ಕಳಿಸಿದರು. ಐದು ನಿಮಿಷದಲ್ಲಿ ನಾರಾಯಣಸ್ವಾಮಿಯವರ ಉತ್ತರ ಬಂತು.

"ಫೋಟೊ ಬಹಳ ಚೆನ್ನಾಗಿದೆ. ಬಲಗಡೆ ನಿಂತಿರುವ ಸಜ್ಜನರು ಯಾರು?"