ಕಾಲಂ ಒಂಬತ್ತು: ಕಚ್ಚಿದ ಮೀನಿನ ವಿವರ

ಕಡಲತೀರ ಶಿಸ್ತು ಇಲಾಖೆ
ಸಂಖ್ಯೆ: ಕತೀಶಿ/ಕಡಿತ/41/ತಿದ್ದುಪಡಿ-3

ಸುತ್ತೋಲೆ

ವಿಷಯ: ಸರ್ಫಿಂಗ್ ಮಾಡುವವರು ಬೋರ್ಡ್ ಶೆಡ್ಡಿನ ಮುಂದಿನ ಬೆಂಚಿನಲ್ಲಿ ಕುಳಿತು ಶಾರ್ಕ್ ಕಡಿತ ಹಾಗೂ ಇತರ ಸಮುದ್ರ ಮೀನುಗಳ ಅಪಾಯದ ಕುರಿತು ಮಾತನಾಡುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1) ಹನ್ನೊಂದು ವರ್ಷಗಳ ಹಿಂದೆ, ಆಗಿನ್ನೂ ಸರ್ಫಿಂಗ್ ಕಲಿಯುತ್ತಿದ್ದ ಕೆಳಗೆ ಸಹಿ ಮಾಡಿದವರು ನೀಡಿದ “ದೊಡ್ಡ ಮೀನು ಬಂದಿತ್ತು” ಎಂಬ ಹೇಳಿಕೆ.
2) ಶಾರ್ಕ್ ಓಡಿಸಿ ಗಾಯಾಳುವನ್ನು ದಡಕ್ಕೆ ಎಳೆದು ತಂದುದಕ್ಕಾಗಿ ಅವರಿಗೇ ನೀಡಲಾದ ಶೌರ್ಯಪತ್ರ.
3) ಅದೇ ಆಧಾರದ ಮೇಲೆ ನೆಡಲಾದ “ಶಾರ್ಕ್ ಇದೆ, ಎಚ್ಚರಿಕೆ” ಫಲಕ.

ಅದು ಮೀನೇ ಆಗಿತ್ತೇ, ಅಲ್ಲವೇ ಎಂಬ ಸಂದೇಹವು ಈ ಕಡತವನ್ನು ತೆರೆದಾಗಲೆಲ್ಲ ಕೆಳಗೆ ಸಹಿ ಮಾಡಿದವರ ಮನಸ್ಸಿನಲ್ಲಿ ಏಳುತ್ತಿರುವುದರಿಂದ, ಹಾಗೂ ಸಂದೇಹವನ್ನು ದಾಖಲಿಸಲು ಇಲಾಖೆಯಲ್ಲಿ ಪ್ರತ್ಯೇಕ ನಮೂನೆ ಇಲ್ಲದಿರುವುದರಿಂದ, ಈ ಸುತ್ತೋಲೆ ಅನಿವಾರ್ಯವಾಗಿದೆ.

ಸದರಿ ಬೆಂಚಿನಲ್ಲಿ ನಾಲ್ಕು ಜನರಿಗೆ ಜಾಗವಿದೆ. ಅತಿ ದೊಡ್ಡ ಗಾಯದ ಗುರುತು ಇರುವವರು ಗೋಡೆಯ ಪಕ್ಕ ನೆರಳಿನಲ್ಲಿಯೂ, ಉಳಿದವರು ಗುರುತಿನ ಉದ್ದಕ್ಕೆ ತಕ್ಕಂತೆ ಬಿಸಿಲಿನ ಕಡೆಗೂ ಕೂರುವುದು, ಗುರುತೇ ಇಲ್ಲದವರು ನಿಲ್ಲುವುದು ಅಲ್ಲಿನ ರೂಢಿ. ಬೇಸಿಗೆ ಹತ್ತಿರವಾದಂತೆ ಗಾಯಗಳು ಉದ್ದವಾಗುತ್ತಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಡಿತ ಎಂದರೆ ಹಲ್ಲು ಚರ್ಮಕ್ಕೆ ತಾಗಿರುವುದು. ಮೀನು ನೋಡಿದ್ದು, ತಿರುಗಿ ನೋಡಿದ್ದು, ನೋಡಿಯೂ ನೋಡದಂತೆ ಹೋದದ್ದು ಕಡಿತವಾಗುವುದಿಲ್ಲ.

2. ಕಳೆದ ಭಾನುವಾರ ಬೋರ್ಡ್ ರಿಪೇರಿಯವರು “ನನ್ನ ಕಾಲು ಬಾಯಲ್ಲಿ ಇಟ್ಕೊಂಡೇ ಅದು ಸ್ವಲ್ಪ ಹೊತ್ತು ಯೋಚನೆ ಮಾಡ್ತು ಕಣ್ರೋ” ಎಂದೂ, ಅದಕ್ಕೆ ಜೀವರಕ್ಷಕರು “ರುಚಿ ನೋಡಿ ಬೇಜಾರಾಗಿರಬೇಕು ಬಿಡು, ಪಾಪ” ಎಂದೂ ಹೇಳಿರುವುದು ದಾಖಲಾಗಿದೆ. ಮೀನಿನ ಮನಸ್ಸಿನಲ್ಲಿದ್ದುದನ್ನು ಇನ್ನು ಮುಂದೆ ಮೀನಿನ ಲಿಖಿತ ಒಪ್ಪಿಗೆಯಿಲ್ಲದೆ ಹೇಳತಕ್ಕದ್ದಲ್ಲ.

3. ಕಥೆಯಲ್ಲಿನ ಮೀನು ವರ್ಷಕ್ಕೆ ಒಂದು ಗೇಣು ಬೆಳೆಯಲು ಅನುಮತಿಸಲಾಗಿದೆ. ಒಂದೇ ಸಂಜೆಯಲ್ಲಿ ಎರಡು ಗೇಣು ಬೆಳೆದಲ್ಲಿ ಮರುದಿನ ಅಷ್ಟನ್ನು ಕತ್ತರಿಸತಕ್ಕದ್ದು.

4. ಆರೋಪಿತ ಮೀನಿಗೂ ತನ್ನ ಮಾತು ಹೇಳಿಕೊಳ್ಳಲು ಅವಕಾಶವಿದೆ. ನೋಟೀಸನ್ನು ಇಳಿತದ ವೇಳೆಯಲ್ಲಿ ಒದ್ದೆ ಮರಳಿಗೆ ಅಂಟಿಸತಕ್ಕದ್ದು. ಮೊದಲ ನೋಟೀಸನ್ನು ಅಲೆ ಒಯ್ದಿರುವುದರಿಂದ ಅದು ಜಾರಿಯಾಗಿದೆ ಎಂದು ಪರಿಗಣಿಸಲಾಗಿದೆ. ಎರಡನೆಯದನ್ನು ಏಡಿಯೊಂದು ಪಡೆದುಕೊಂಡಿದೆ. ಏಡಿಗೂ ಆರೋಪಿಗೂ ಇರುವ ಸಂಬಂಧ ತಿಳಿದುಬಂದಿಲ್ಲ.

5. ಮರಳಿನಡಿ ಮಲಗಿದ್ದ ತೊರಕೆ ಮೀನನ್ನು ತುಳಿದು ಮುಳ್ಳು ಚುಚ್ಚಿಸಿಕೊಂಡವರು ನಿದ್ರಾಭಂಗಕ್ಕಾಗಿ ಮೂರು ಪ್ರತಿಗಳಲ್ಲಿ ಕ್ಷಮೆ ಕೇಳತಕ್ಕದ್ದು. ಲೋಳೆಮೀನಿಗೆ ಬೆನ್ನುಮೂಳೆ ಇಲ್ಲವೆಂದು ತಿಳಿದುಬಂದಿರುವುದರಿಂದ ಅದನ್ನು ಅಪಾಯಕಾರಿ ಎನ್ನಲಾಗದು. ಬೆನ್ನುಮೂಳೆ ಇಲ್ಲದವರು ಇಲಾಖೆಯಲ್ಲಿಯೂ ಇದ್ದಾರೆ. ಲೋಳೆಮೀನು ತಾಗಿ ಉರಿ ಹತ್ತಿದವರು ಕೂರುವಂತಿಲ್ಲ, ಬೆಂಚಿಗೆ ಒರಗಬಹುದು.

6. ಪ್ರತಿ ಬೋರ್ಡಿನ ಅಡಿಯಲ್ಲೂ ದಿಕ್ಕು ಹಿಡಿಯಲು ಗಟ್ಟಿ ರೆಕ್ಕೆ ಇರುತ್ತದೆ. ಅದರ ಅಂಚು ಚಾಕುವಿನಂತಿರುತ್ತದೆ. ಬೋರ್ಡಿನ ಮೇಲೆ ಹಿಡಿತ ತಪ್ಪಿದವರು ಪಕ್ಕದಲ್ಲಿರುವವರ ಮೇಲೆ ಅದನ್ನು ಹಾಯಿಸಬಾರದು. ಹಾಯಿಸಿದ ಮೇಲೆ ಮೀನಿನ ಹೆಸರು ಹೇಳಬಾರದು. (ಈ ಅಂಶ ಮೂಲ ಕರಡಿನಲ್ಲಿ ಇರಲಿಲ್ಲ, ಕೈಬರಹದಲ್ಲಿ ಸೇರಿದೆ ಎಂದು ಬೆರಳಚ್ಚುಗಾರರು ಷರಾ ಬರೆದಿದ್ದಾರೆ.)

7. ಗಾಯದ ಗುರುತುಳ್ಳ ಎಲ್ಲ ತರಬೇತುದಾರರು ನಮೂನೆ ಹನ್ನೆರಡನ್ನು ಭರ್ತಿ ಮಾಡತಕ್ಕದ್ದು. ಕಾಲಂ ಒಂಬತ್ತು, “ಕಚ್ಚಿದ ಮೀನಿನ ವಿವರ”, ಖಾಲಿ ಬಿಟ್ಟವರ ಪರವಾನಗಿ ಇಂದು ಸಂಜೆ ಐದಕ್ಕೆ ರದ್ದಾಗುತ್ತದೆ.

8. ಸ್ವೀಕೃತವಾದ ಹದಿನಾಲ್ಕು ನಮೂನೆಗಳ ಪೈಕಿ ಹದಿಮೂರರಲ್ಲಿ ಮೀನುಗಳು ತುಂಬಿ ತುಳುಕುತ್ತಿವೆ. ಒಂದು ಖಾಲಿ ಇದೆ. ಅದು ನೆರಳಿನ ಜಾಗದಲ್ಲಿ ಹನ್ನೊಂದು ವರ್ಷದಿಂದ ಕೂರುತ್ತಿರುವ, ಒಂದು ದಿನವೂ ತನ್ನ ಮೀನಿನ ಕಥೆ ಹೇಳದ ಹಿರಿಯ ತರಬೇತುದಾರರದ್ದು. ಅವರು ಉಲ್ಲೇಖ (2)ರ ಗಾಯಾಳು ಹಾಗೂ ಕೆಳಗೆ ಸಹಿ ಮಾಡಿದವರ ಸ್ವಂತ ಅಣ್ಣ ಎಂಬುದನ್ನು ಪಾರದರ್ಶಕತೆಗಾಗಿ ದಾಖಲಿಸಲಾಗಿದೆ. ವಿವರಣೆ ಕೇಳಲಾಗಿ “ಬರೆಯೋದೇನಿದೆ ಅದರಲ್ಲಿ, ಮಾಸಿ ಹೋಗಿದೆ ಬಿಡೋ” ಎಂದಿದ್ದಾರೆ. ಇಬ್ಬರ ತಾಯಿಯವರು ಊಟ ಬಡಿಸುತ್ತಾ “ಅವನಿಗೆ ನೀರಿಗಿಳಿಯೋದು ಬಿಟ್ಟು ಬೇರೆ ಏನು ಗೊತ್ತು? ನೀನೇ ಅದನ್ನ ಕಿತ್ಕೊಳ್ತೀಯೇನೋ?” ಎಂದು ಮೌಖಿಕ ಆಕ್ಷೇಪಣೆ ಸಲ್ಲಿಸಿದ್ದಾರೆ. ಗಾಯವನ್ನು ಎರಡು ಬಾರಿ ಅಳೆಯಲಾಗಿದೆ. ಅದು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಒಂದೇ ನೇರ ಗೆರೆ. ಹಲ್ಲಿನ ಗುರುತು ಒಂದೂ ಇಲ್ಲ.

9. ಸದರಿ ಕಾಲಂ ಒಂಬತ್ತನ್ನು ಇಂದು ಸಂಜೆ ನಾಲ್ಕು ಮುಕ್ಕಾಲಕ್ಕೆ ಕೆಳಗೆ ಸಹಿ ಮಾಡಿದವರೇ ಸ್ವಹಸ್ತದಿಂದ ಭರ್ತಿ ಮಾಡಿದ್ದಾರೆ. ಅಣ್ಣನ ಪರವಾನಗಿ ಊರ್ಜಿತವಾಗಿದೆ. ಫಲಕವನ್ನು ಕೀಳಲು, ಶೌರ್ಯಪತ್ರವನ್ನು ಗೋಡೆಯಿಂದ ಇಳಿಸಲು ಆದೇಶಿಸಲಾಗಿದೆ. ಮೊಳೆ ಹಾಗೆಯೇ ಇರಲಿ.

10. ಹನ್ನೊಂದು ವರ್ಷದ ಅಪವಾದಕ್ಕಾಗಿ ಸಮಸ್ತ ಶಾರ್ಕ್‌ಗಳಲ್ಲಿ ಈ ಮೂಲಕ ವಿಷಾದ ವ್ಯಕ್ತಪಡಿಸಲಾಗಿದೆ.

(ಸಹಿ)
ಸಹಾಯಕ ನಿರ್ದೇಶಕ, ಕಡಿತ ವಿಭಾಗ
(ಭಾನುವಾರಗಳಂದು: ಬೆಂಚಿನ ಪಕ್ಕ, ಬಿಸಿಲಿನಲ್ಲಿ, ನಿಂತುಕೊಂಡು)

ಪ್ರತಿಗಳು:
1. ಬೆಂಚಿಗೆ, ಹಿಂಬದಿಯಲ್ಲಿ ಅಂಟಿಸಲು.
2. ಸಮುದ್ರಕ್ಕೆ, ಇಳಿತದ ವೇಳೆಯಲ್ಲಿ.
3. ಏಡಿಗೆ, ಸ್ವೀಕೃತಿ ಕೋರಿ.
4. ಅಮ್ಮನಿಗೆ, ಯಾರಾದರೂ ಓದಿ ಹೇಳತಕ್ಕದ್ದು; ನನ್ನಿಂದ ಆಗದು.
5. ಅಣ್ಣನಿಗೆ, ಮಾಹಿತಿಗಾಗಿ. ಮಾಹಿತಿ ಅವನಿಗೆ ಮೊದಲ ದಿನದಿಂದಲೂ ಇತ್ತು. ತನ್ನ ಕಾಲು ಸೀಳಿದ್ದು ನನ್ನ ಬೋರ್ಡಿನ ರೆಕ್ಕೆ ಎಂದು ಅವನು ಯಾರಿಗೂ ಹೇಳಲಿಲ್ಲ.